ಅಜ್ಜನ ಟ್ರಂಕಿನಲ್ಲಿ ಸಿಕ್ಕ ಮಾಡೆಲ್ ರೈಲು: ಗುಜರಿಗೆ ಹಾಕುವ ಮೊದಲು ಗುರುತಿಸುವುದು ಹೇಗೆ, ಬೆಲೆ ಕಟ್ಟುವುದು ಹೇಗೆ

ಅಟ್ಟದಿಂದ ಇಳಿಸಿದ ಟ್ರಂಕಿನಲ್ಲಿ ಹಳೆಯ ಮಾಡೆಲ್ ರೈಲು, ಹಳಿ, ಜೋಡಿಸದೇ ಉಳಿದ ಕಿಟ್ ಸಿಕ್ಕಿದ್ದರೆ ಇವತ್ತೇ ಏನೂ ಮಾಡಬೇಡಿ. ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ. ಕರೆಂಟ್ ಕೊಡಬೇಡಿ. ಹರಿದ ರಟ್ಟಿನ ಡಬ್ಬಿ ಅಂತ ಒಂದನ್ನೂ ಎಸೆಯಬೇಡಿ. ಹಿತ್ತಾಳೆ ಕಂಡರೆ ಹುಣಸೆಹಣ್ಣು ಹಚ್ಚಿ ತಿಕ್ಕುವ ಅಭ್ಯಾಸ ನಮ್ಮ ಮನೆಗಳಲ್ಲಿ ಜಾಸ್ತಿ, ಅದನ್ನಂತೂ ಮಾಡಲೇಬೇಡಿ. ಕೈಯಲ್ಲಿರುವುದು ಏನು ಅಂತ ಗೊತ್ತಾಗುವ ಮೊದಲು ಹೊಳಪು ತರಿಸಲು ಹೋದರೆ ಬೆಲೆ ಇಳಿಯುತ್ತದೆಯೇ ಹೊರತು ಏರುವುದಿಲ್ಲ.

ನಮ್ಮ ಕಡೆ ಇಂಥ ಸಾಮಾನು ಎಲ್ಲಿಂದ ಬರಬೇಕು ಅಂತ ಕೇಳುವವರಿದ್ದಾರೆ. ಬರುತ್ತದೆ. ದಾವಣಗೆರೆ, ಹರಿಹರ, ಚಿಕ್ಕಜಾಜೂರು ಎಲ್ಲ ಒಂದು ಕಾಲದ ಮೀಟರ್ ಗೇಜ್ ಲೈನಿನ ಊರುಗಳು. ರೈಲ್ವೆಯಲ್ಲೇ ಜೀವ ತೇಯ್ದವರ ಮನೆಗಳು ಇಲ್ಲಿ ಬೇಕಾದಷ್ಟಿವೆ. ಹರಿಹರದಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್‌ನಲ್ಲಿ ಲೇತ್ ತಯಾರಿಸುತ್ತಿದ್ದ ಕೈಗಳಿಗೆ ಚಿಕ್ಕದೊಂದು ಇಂಜಿನ್ ಮಾಡಿ ನೋಡೋಣ ಅನ್ನಿಸದೇ ಇರುತ್ತದೆಯೇ? ಮುಂಬೈ, ಮದ್ರಾಸಿನಲ್ಲಿ ಕೆಲಸದಲ್ಲಿದ್ದ ಮಾವಂದಿರು, ವಿದೇಶಕ್ಕೆ ಹೋಗಿ ಬಂದ ದೊಡ್ಡಪ್ಪಂದಿರು ಮಕ್ಕಳಿಗೆ ಅಂತ ತಂದುಕೊಟ್ಟಿದ್ದೂ ಉಂಟು. ಹಾಗಾಗಿ ಚಿತ್ರದುರ್ಗದ ಕೋಟೆ ಬೀದಿಯ ಮನೆಯಲ್ಲಿ ಲಿವರ್‌ಪೂಲ್‌ನ ಇಂಜಿನ್ ಸಿಕ್ಕರೆ ಆಶ್ಚರ್ಯಪಡಬೇಕಿಲ್ಲ. ಕೆಜಿ ಲೆಕ್ಕದಲ್ಲಿ ಅದನ್ನು ಗುಜರಿಯವರಿಗೆ ತೂಗಿಸಿಬಿಟ್ಟರೆ ಮಾತ್ರ ಹೊಟ್ಟೆ ಉರಿಯುತ್ತದೆ.

ಮೊದಲ ಕೆಲಸ: ಕೇಳುವುದು, ಫೋಟೊ ತೆಗೆಯುವುದು

ಮನೆಯಲ್ಲಿ ಹಿರಿಯರು ಇದ್ದರೆ ಅವರೇ ನಿಮ್ಮ ಮೊದಲ ದಾಖಲೆ. "ಯಾವ ಇಸವಿಯಲ್ಲಿ ತಂದದ್ದು" ಅಂತ ಕೇಳಿದರೆ ಯಾರಿಗೂ ನೆನಪಿರುವುದಿಲ್ಲ. "ಅಜ್ಜಿ, ಈ ರೈಲು ನಿಮ್ಮ ಮದುವೆಗೆ ಮೊದಲೇ ಮನೆಯಲ್ಲಿತ್ತಾ, ಆಮೇಲೆ ಬಂತಾ? ಅಪ್ಪ ಹುಟ್ಟಿದ್ದರಾ ಆಗ?" ಅಂತ ಕೇಳಿ ನೋಡಿ, ತಾನಾಗಿಯೇ ಕಾಲ ತಿಳಿಯುತ್ತದೆ. ಯಾರು ತಂದರು, ಎಲ್ಲಿಂದ ತಂದರು, ಯಾರು ಜೋಡಿಸಿದರು, ಎಲ್ಲವನ್ನೂ ಬರೆದಿಟ್ಟುಕೊಳ್ಳಿ. ಒಂದು ಸಾಮಾನಿನ ಹಿನ್ನೆಲೆ ಗೊತ್ತಿದ್ದರೆ ಕೊಳ್ಳುವವರಿಗೂ ನಂಬಿಕೆ ಬರುತ್ತದೆ.

ಆಮೇಲೆ ಟ್ರಂಕನ್ನು ಇದ್ದಂತೆಯೇ ಫೋಟೊ ತೆಗೆಯಿರಿ. ಯಾವ ಚೂರು ಯಾವ ಡಬ್ಬಿಯಲ್ಲಿತ್ತು ಅನ್ನುವುದು ಒಮ್ಮೆ ತಪ್ಪಿಹೋದರೆ ಮತ್ತೆ ಸೇರಿಸುವುದು ಕಷ್ಟ. ಒಂದು ಬಿಳಿ ಪಂಚೆ ಹಾಸಿ ಅದರ ಮೇಲೆ ಒಂದೊಂದೇ ಡಬ್ಬಿ ತೆರೆಯಿರಿ. ಒಂದು ಡಬ್ಬಿ ಮುಗಿಯುವವರೆಗೆ ಇನ್ನೊಂದನ್ನು ಮುಟ್ಟಬೇಡಿ. ಪಂಚೆ ಯಾಕೆ ಅಂದರೆ ಅಕ್ಕಿ ಕಾಳಿಗಿಂತ ಸಣ್ಣ ಸ್ಕ್ರೂ, ಬಫರ್, ಕೊಂಡಿಗಳು ಇರುತ್ತವೆ. ಗ್ರಾನೈಟ್ ನೆಲದ ಮೇಲೆ ಬಿದ್ದರೆ ಸಿಗುವುದೇ ಇಲ್ಲ.

ಡಬ್ಬಿಗಳ ಮೇಲೆ ಕಪ್ಪು ಮಸಿ ಕೂತಿರಬಹುದು, ಮಂಡಕ್ಕಿ ಭಟ್ಟಿಯ ಕಡೆಯ ಮನೆಗಳಲ್ಲಿ ಇದು ಜಾಸ್ತಿ. ಮೆತ್ತನೆಯ ಒಣ ಬ್ರಷ್‌ನಿಂದ ಮೇಲೆ ಮೇಲೆ ತಟ್ಟಿ, ಅಷ್ಟು ಸಾಕು. ನೀರು ತಾಗಿದರೆ ಮಸಿ ರಟ್ಟಿನೊಳಗೆ ಇಳಿದುಬಿಡುತ್ತದೆ. ಆಯುಧಪೂಜೆಯಲ್ಲಿ ಇಂಜಿನ್‌ಗೆ ಹಚ್ಚಿದ ಕುಂಕುಮದ ಬೊಟ್ಟು ಉಳಿದಿದ್ದರೆ ಅದನ್ನೂ ಹಾಗೇ ಬಿಡಿ. ಉಜ್ಜಲು ಹೋದರೆ ಕೆಳಗಿನ ಬಣ್ಣವೂ ಕಿತ್ತು ಬರಬಹುದು.

ಹಳಿ ಅಳೆಯಿರಿ

ಮಕ್ಕಳ ಸ್ಕೂಲ್ ಸ್ಕೇಲ್ ಸಾಕು. ಎರಡು ಹಳಿಗಳ ಒಳ ಅಂಚಿನಿಂದ ಒಳ ಅಂಚಿಗೆ ಅಳೆಯಿರಿ. ಈ ಅಗಲಕ್ಕೇ ಗೇಜ್ ಅನ್ನುವುದು. 32 ಮಿ.ಮೀ. ಬಂದರೆ ಅದು ಒ ಗೇಜ್. 16.5 ಬಂದರೆ ಒಒ ಅಥವಾ ಎಚ್‌ಒ. 12 ಬಂದರೆ ಟಿಟಿ, 9 ಬಂದರೆ ಎನ್, 6.5 ಬಂದರೆ ಮೇರ್ಕ್ಲಿನ್ ಕಂಪನಿ 1972ರಲ್ಲಿ ತಂದ ಪುಟಾಣಿ ಝಡ್. 45 ಮಿ.ಮೀ. ಇದ್ದರೆ ಗೇಜ್ 1 ಅಥವಾ ಜಿ, ಅವು ಕೈಗೆ ಎತ್ತಿಕೊಂಡಾಗಲೇ ಗೊತ್ತಾಗುವಷ್ಟು ದೊಡ್ಡವು. ಹಳಿ ಸಿಗದೇ ಬರೀ ಇಂಜಿನ್ ಇದ್ದರೆ ಎರಡು ಚಕ್ರಗಳ ಒಳಮೈ ನಡುವಿನ ಅಂತರ ನೋಡಿ. ಅದು ಹಳಿಯ ಅಳತೆಗಿಂತ ಒಂದೆರಡು ಮಿ.ಮೀ., ಒ ಗೇಜ್‌ನಂಥ ದೊಡ್ಡದರಲ್ಲಿ ಮೂರ್ನಾಲ್ಕು ಮಿ.ಮೀ. ಕಡಿಮೆ ಇರುತ್ತದೆ.

ಒಒ ಮತ್ತು ಎಚ್‌ಒ ಎರಡೂ ಒಂದೇ ಹಳಿಯ ಮೇಲೆ ಓಡುತ್ತವೆ, ಇಲ್ಲೇ ಎಲ್ಲರೂ ಗೊಂದಲಕ್ಕೆ ಬೀಳುವುದು. ಬ್ರಿಟನ್ನಿನ ಒಒ ಅಂದರೆ ನಿಜವಾದ ರೈಲಿನ 76ನೇ ಒಂದು ಭಾಗ. ಯುರೋಪ್, ಅಮೆರಿಕದ ಎಚ್‌ಒ ಅಂದರೆ 87ನೇ ಒಂದು ಭಾಗ. ಇದನ್ನು ಬೇರೆ ಮಾಡಲು ಸೆಟ್ಟಿನ ಜೊತೆಗೆ ಬಂದ ಪುಟ್ಟ ಮನುಷ್ಯರ ಗೊಂಬೆ ಇದ್ದರೆ ಅದನ್ನು ಅಳೆಯಿರಿ. ಆರಡಿಯ ಮನುಷ್ಯ ಒಒನಲ್ಲಿ 24 ಮಿ.ಮೀ. ಇರುತ್ತಾನೆ, ಎಚ್‌ಒನಲ್ಲಿ 21. ಒ ಗೇಜ್‌ನಲ್ಲಾದರೆ 42ರ ಹತ್ತಿರ. ಗೊಂಬೆ ಇಲ್ಲದಿದ್ದರೆ ಬೋಗಿಯ ಬಾಗಿಲು ನೋಡಿ, ಮನುಷ್ಯ ಅದರಲ್ಲಿ ಹಿಡಿಸಬೇಕಲ್ವಾ.

ನಮ್ಮ ಊರಿನವರು ಇಲ್ಲಿ ಇನ್ನೊಂದನ್ನು ಗಮನಿಸಬೇಕು, ನನಗೆ ಎಲ್ಲಕ್ಕಿಂತ ಇಷ್ಟವಾದ ವಿಷಯವೂ ಇದೇ. 1990ರ ದಶಕದಲ್ಲಿ ಬ್ರಾಡ್‌ಗೇಜ್ ಆಗುವವರೆಗೆ ಬೆಂಗಳೂರು–ಹುಬ್ಬಳ್ಳಿ ಲೈನಿನಲ್ಲಿ ಓಡಿದ್ದು ಮೀಟರ್ ಗೇಜ್ ಗಾಡಿ, ಹಳಿಯ ಅಗಲ 1000 ಮಿ.ಮೀ. ಅದನ್ನು 87ರಿಂದ ಭಾಗಿಸಿದರೆ 11.5 ಬರುತ್ತದೆ, ಅಂದರೆ ಟಿಟಿಯ 12 ಮಿ.ಮೀ. ಹಳಿಗೆ ಹತ್ತಿರ ಹತ್ತಿರ ಸರಿಹೋಗುತ್ತದೆ. ನಿಮ್ಮ ಟ್ರಂಕಿನಲ್ಲಿ 12 ಮಿ.ಮೀ. ಹಳಿಯ ಮೇಲೆ ಕೂತ, ಆದರೆ ಟಿಟಿಗೆ ಹೋಲಿಸಿದರೆ ದಪ್ಪನೆಯ ಮೈಯ, ಕೈಯಲ್ಲೇ ಮಾಡಿದಂತೆ ಕಾಣುವ ಇಂಜಿನ್ ಇದ್ದರೆ ಅದನ್ನು ಬಹಳ ಜೋಪಾನವಾಗಿ ಎತ್ತಿಡಿ. ಚಕ್ರ ಎಣಿಸಿ. ಮುಂದೆ 4 ಸಣ್ಣದು, ನಡುವೆ 6 ದೊಡ್ಡದು, ಹಿಂದೆ 2 ಇದ್ದರೆ ಅದು ಮೀಟರ್ ಗೇಜ್‌ನಲ್ಲಿ ಪ್ಯಾಸೆಂಜರ್ ಗಾಡಿ ಎಳೆಯುತ್ತಿದ್ದ ವೈಪಿ ಇಂಜಿನ್ ಮಾಡುವ ಪ್ರಯತ್ನ ಇರಬಹುದು. 2, 8, 2 ಇದ್ದರೆ ಗೂಡ್ಸ್ ಗಾಡಿಯ ವೈಜಿ. ಅಂಥದ್ದಕ್ಕೆ ಯಾವ ಕಂಪನಿಯ ಕ್ಯಾಟಲಾಗ್‌ನಲ್ಲೂ ಬೆಲೆ ಇರುವುದಿಲ್ಲ. ಯಾಕೆಂದರೆ ಅದನ್ನು ಅಂಗಡಿಯಲ್ಲಿ ಮಾರಿದ್ದೇ ಇಲ್ಲ, ಯಾರೋ ಒಬ್ಬರು ಕೂತು ಕಟ್ಟಿದ್ದು. ಮೈಸೂರಿನ ರೈಲ್ವೆ ಮ್ಯೂಸಿಯಂಗೆ ಹೋಗಿ ನಿಜವಾದ ಮೀಟರ್ ಗೇಜ್ ಇಂಜಿನ್‌ಗಳ ಪಕ್ಕದಲ್ಲಿ ನಿಂತು ಹೋಲಿಸಿ ನೋಡಿದರೆ ಎಷ್ಟು ಕಣ್ಣಿಟ್ಟು ಮಾಡಿದ್ದಾರೆ ಅಂತ ತಿಳಿಯುತ್ತದೆ.

ಮ್ಯಾಗ್ನೆಟ್ ಹಿಡಿಯಿರಿ

ಫ್ರಿಜ್ ಮೇಲಿನ ಮ್ಯಾಗ್ನೆಟ್ ತೆಗೆದು ಇಂಜಿನ್‌ನ ಮೈಗೆ ಮೆಲ್ಲಗೆ ತೋರಿಸಿ. ಎಳೆದರೆ ತಗಡು, ಅಂದರೆ ತವರದ ಲೇಪ ಇರುವ ಉಕ್ಕಿನ ಹಾಳೆ. ಹಳೆಯ ಒ ಗೇಜ್ ರೈಲುಗಳು ಬಹುತೇಕ ಇಂಥವು, ಕಿಟಕಿ, ಬಾಗಿಲು, ಪ್ರಯಾಣಿಕರು ಎಲ್ಲ ತಗಡಿನ ಮೇಲೆಯೇ ಅಚ್ಚಾಗಿರುತ್ತವೆ. ಎಳೆಯದೆ, ಕೈಗೆ ಭಾರವಾಗಿದ್ದರೆ ಸತುವಿನ ಎರಕ, ಹಿತ್ತಾಳೆ, ಇಲ್ಲವೇ ವೈಟ್ ಮೆಟಲ್. ವೈಟ್ ಮೆಟಲ್ ಅಂದರೆ ತವರ, ಸೀಸ ಬೆರೆತ ಮೆತ್ತನೆಯ ಬೂದು ಲೋಹ. ಬ್ರಿಟನ್ನಿನ ಕೆ'ಸ್, ವಿಲ್ಸ್ ಕಂಪನಿಯ ಇಂಜಿನ್ ಕಿಟ್‌ಗಳು ಹೀಗಿದ್ದವು. ಮೈ ಮಾತ್ರ ಕಿಟ್, ಕೆಳಗಿನ ಚಾಸಿ ಮತ್ತು ಮೋಟರ್ ಬೇರೆ ಕಂಪನಿಯದ್ದು, ಇದು ಆ ಕಾಲದಲ್ಲಿ ಮಾಮೂಲಿ. ಹಾಗಾಗಿ ಅಡಿಯಲ್ಲಿ ಟ್ರೈ-ಆಂಗ್ (ಬ್ರಿಟನ್ನಿನ ಲೈನ್ಸ್ ಬ್ರದರ್ಸ್ ಕಂಪನಿಯ ಆಟಿಕೆಗಳ ಹೆಸರು) ಅಂತ ಬರೆದಿದೆ ಅಂದ ಮಾತ್ರಕ್ಕೆ ಇಡೀ ಇಂಜಿನ್ ಟ್ರೈ-ಆಂಗ್ ಅಂತ ತೀರ್ಮಾನಿಸಬೇಡಿ.

ಹೆಸರು, ಮುದ್ರೆ, ಇಸವಿ

ಇಂಜಿನ್ ತಲೆಕೆಳಗು ಮಾಡಿ ಟಾರ್ಚ್ ಹಿಡಿದು ನೋಡಿ. ಮೊಬೈಲ್ ಕ್ಯಾಮೆರಾದಲ್ಲಿ ಜೂಮ್ ಮಾಡಿದರೆ ಇನ್ನೂ ಒಳ್ಳೆಯದು.

"ಮೆಕ್ಯಾನೊ ಲಿಮಿಟೆಡ್, ಲಿವರ್‌ಪೂಲ್" ಅಂತಿದ್ದರೆ ಫ್ರಾಂಕ್ ಹಾರ್ನ್‌ಬಿ ಕಟ್ಟಿದ ಕಂಪನಿಯದ್ದು. ಅವರ ಕೀಲಿ ಕೊಡುವ ಒ ಗೇಜ್ ರೈಲು 1920ರಲ್ಲಿ ಬಂತು. ಹಾರ್ನ್‌ಬಿ ಡಬ್ಲೊ ಅನ್ನುವ ಒಒ ರೈಲು 1938ರಲ್ಲಿ ಬಂತು. ಡಬ್ಲೊಗೆ ಮೊದಲು ಮೂರು ಹಳಿ ಇತ್ತು, ನಡುವಿನದ್ದು ಕರೆಂಟಿಗೆ. 1959ರಲ್ಲಿ ಎರಡು ಹಳಿಯದ್ದು ಶುರುವಾಯಿತು. 1964ರಲ್ಲಿ ಮೆಕ್ಯಾನೊ ಕಂಪನಿ ಲೈನ್ಸ್ ಬ್ರದರ್ಸ್ ಕೈಗೆ ಹೋಯಿತು. ಆಮೇಲೆ "ಟ್ರೈ-ಆಂಗ್ ಹಾರ್ನ್‌ಬಿ" ಅಂತ ಡಬ್ಬಿ ಬಂತು, 1972ರಿಂದ "ಹಾರ್ನ್‌ಬಿ ರೈಲ್ವೇಸ್". ಹಾರ್ನ್‌ಬಿ ಅಂದ ಕೂಡಲೇ ಹಳೆಯದು, ದುಬಾರಿ ಅಂದುಕೊಳ್ಳುವವರಿಗೆ ಇಷ್ಟು ಗೊತ್ತಿದ್ದರೆ ಸಾಕು. 1980ರ ಹಾರ್ನ್‌ಬಿ ಮತ್ತು 1938ರ ಹಾರ್ನ್‌ಬಿ ಬೇರೆ ಬೇರೆ ಲೋಕ.

ಒಂದೇ ಇಂಜಿನ್‌ನ ನಂಬರ್ ಕೂಡ ಎಷ್ಟು ಹೇಳುತ್ತದೆ ನೋಡಿ. ಡಬ್ಲೊದ ಮೂರು ಹಳಿಯ "ಸರ್ ನೈಜೆಲ್ ಗ್ರೆಸ್ಲಿ" ಇಂಜಿನ್ ನೀಲಿ ಬಣ್ಣದ್ದು. ಅದರ ಮೇಲೆ 4498 ಅಂತಿದ್ದರೆ ಎರಡನೇ ಮಹಾಯುದ್ಧಕ್ಕೆ ಮೊದಲಿನ ರೂಪ, ಬರೀ 7 ಅಂತಿದ್ದರೆ ಯುದ್ಧದ ನಂತರದ್ದು. ಯಾಕೆಂದರೆ ನಿಜವಾದ ಇಂಜಿನ್‌ಗೇ 1946ರಲ್ಲಿ ನಂಬರ್ ಬದಲಾಯಿತು. ಹಾಗೆಯೇ ಬ್ರಿಟನ್ನಿನ ರೈಲ್ವೆ ಕಂಪನಿಗಳೆಲ್ಲ 1948ರಲ್ಲಿ ಸರ್ಕಾರದ ಪಾಲಾದವು. ಬೋಗಿಯ ಮೇಲೆ ಎಲ್‌ಎಂಎಸ್, ಜಿಡಬ್ಲ್ಯುಆರ್ ಅಂತ ಹಳೆಯ ಕಂಪನಿಯ ಹೆಸರಿದ್ದರೆ ಅದಕ್ಕೆ ಮೊದಲಿನ ಕಾಲದ ಗಾಡಿಯ ಮಾದರಿ, "ಬ್ರಿಟಿಷ್ ರೈಲ್ವೇಸ್" ಅಂತಿದ್ದರೆ ನಂತರದ್ದು. ಆದರೆ ಹಳೆಯ ಕಾಲದ ಗಾಡಿಯ ಮಾದರಿಯನ್ನು ಈಗಲೂ ತಯಾರಿಸುತ್ತಾರೆ. "ಇದಕ್ಕಿಂತ ಮೊದಲು ಆಗಿರಲು ಸಾಧ್ಯವಿಲ್ಲ" ಅಂತ ಹೇಳಲು ಮಾತ್ರ ಈ ಗುರುತು ಬರುತ್ತದೆ.

ಜರ್ಮನಿಯವು ಇನ್ನೂ ಸುಲಭ. ಜಿಬಿಎನ್ ಅಥವಾ ಬಿಡಬ್ಲ್ಯು ಮುದ್ರೆ ಇದ್ದರೆ ನ್ಯೂರೆಂಬರ್ಗ್‌ನ ಬಿಂಗ್ ಕಂಪನಿಯದ್ದು, ಜಿಬಿಎನ್ ಹಳೆಯದು. ಬಿಂಗ್ 1930ರ ದಶಕದ ಆರಂಭದಲ್ಲೇ ಮುಚ್ಚಿಹೋಯಿತು. "ಯುಎಸ್ ಝೋನ್ ಜರ್ಮನಿ" ಅಂತಿದ್ದರೆ ಯುದ್ಧ ಮುಗಿದ ಮೊದಲ ಕೆಲವು ವರ್ಷಗಳದ್ದು. "ವೆಸ್ಟ್ ಜರ್ಮನಿ" ಅಂತಿದ್ದರೆ 1949ರಿಂದ 1990ರ ನಡುವಿನದ್ದು. "ಆಕ್ಯುಪೈಡ್ ಜಪಾನ್" ಅಂತ ಕಂಡರೆ 1952ಕ್ಕಿಂತ ಹಿಂದಿನದ್ದು. ಅಮೆರಿಕದ ಲಯೋನೆಲ್ ಅಂತಿದ್ದರೆ ಹೆಚ್ಚಾಗಿ ಒ ಗೇಜ್, ಮೂರು ಹಳಿ.

ಇನ್ನು ನಮ್ಮದೇ ಒಂದು ಗುರುತು ಇದೆ, ಹೊರದೇಶದ ಯಾವ ಕ್ಯಾಟಲಾಗೂ ಇದನ್ನು ಹೇಳಿಕೊಡುವುದಿಲ್ಲ. ಹರಿಹರದ ಪರಿಚಯದವರ ಮನೆಯ ಟ್ರಂಕಿನಲ್ಲಿ ಎರಡು ಡಬ್ಬಿ ಇದ್ದವು. ಇಂಜಿನ್ ಡಬ್ಬಿಯ ಬದಿಯಲ್ಲಿ ಅಂಗಡಿಯವರು ಅಂಟಿಸಿದ ಚೀಟಿ, ಅದರಲ್ಲಿ ನೀಲಿ ಶಾಯಿಯಲ್ಲಿ 42-8-0. ಇನ್ನೊಂದು ಕಿಟ್ ಡಬ್ಬಿಯ ಮೇಲೆ ರೂಪಾಯಿ, ಪಕ್ಕದಲ್ಲಿ ನಯೇ ಪೈಸೆ. ಚೀಟಿಯ ಅಂಚನ್ನು ಇರುವೆಯೋ ಬೆಳ್ಳಿಹುಳವೋ ತಿಂದಿತ್ತು, ಆದರೆ ಅಂಕಿ ಸ್ಪಷ್ಟ. ಮೂರು ಭಾಗದ ಬೆಲೆ ಅಂದರೆ ರೂಪಾಯಿ, ಆಣೆ, ಪೈ. ಅದು 1957ರ ಏಪ್ರಿಲ್‌ಗೆ ಮೊದಲಿನ ಲೆಕ್ಕ. ನಯೇ ಪೈಸೆ ಅನ್ನುವ ಮಾತು ಇದ್ದಿದ್ದು 1957ರಿಂದ 1964ರವರೆಗೆ. ಎರಡು ಚೀಟಿಯಲ್ಲಿ ಎರಡು ಡಬ್ಬಿಯ ಕಾಲ ಸಿಕ್ಕಿತು. ಅದಕ್ಕೇ ಹೇಳುವುದು, ಹಳೆಯ ಸ್ಟಿಕ್ಕರ್ ಕೆರೆದು ತೆಗೆಯಬೇಡಿ ಅಂತ. ಇಂಗ್ಲೆಂಡಿನ ಚೀಟಿಯಾದರೆ ಪೌಂಡ್, ಶಿಲ್ಲಿಂಗ್, ಪೆನ್ಸ್ ಲೆಕ್ಕ 1971ರ ಫೆಬ್ರುವರಿಗೆ ನಿಂತುಹೋಯಿತು.

ಜೋಡಿಸದ ಕಿಟ್ ಸಿಕ್ಕಿದರೆ

"ಹೇಗೂ ಬಿಡಿಬಿಡಿಯಾಗಿದೆ, ಜೋಡಿಸಿ ಮಾರಿದರೆ ಜಾಸ್ತಿ ಬರಬಹುದು" ಅನ್ನುವ ಯೋಚನೆ ಎಲ್ಲರಿಗೂ ಬರುತ್ತದೆ. ಬೇಡ. ಜೋಡಿಸದ ಪೂರ್ತಿ ಕಿಟ್‌ಗೇ ಬೆಲೆ. ಅರ್ಧ ಜೋಡಿಸಿ ಬಿಟ್ಟದ್ದಕ್ಕೆ ಎಲ್ಲಕ್ಕಿಂತ ಕಡಿಮೆ. ಪೂರ್ತಿ ಜೋಡಿಸಿದ್ದಕ್ಕೆ ಜೋಡಿಸಿದವರ ಕೈ ಹೇಗಿದೆ ಅನ್ನುವುದರ ಮೇಲೆ ಬೆಲೆ: ಬೆಸುಗೆ ಚೊಕ್ಕವಾಗಿದೆಯಾ, ಬಣ್ಣ ತೆಳುವಾಗಿ ಸಮನಾಗಿ ಕೂತಿದೆಯಾ, ಅಂಟು ಹೊರಗೆ ಹರಿದಿದೆಯಾ.

ಪ್ಲಾಸ್ಟಿಕ್ ಕಿಟ್‌ನಲ್ಲಿ ಚೂರುಗಳು ಒಂದು ಕಡ್ಡಿಯ ಚೌಕಟ್ಟಿಗೆ ಅಂಟಿಕೊಂಡೇ ಇರುತ್ತವೆ, ಪ್ರತಿ ಚೂರಿನ ಪಕ್ಕ ನಂಬರ್ ಇರುತ್ತದೆ. ಜೋಡಿಸುವ ಕ್ರಮ ಬರೆದ ಹಾಳೆ ಬಿಚ್ಚಿ, ಒಂದೊಂದೇ ನಂಬರ್ ಹುಡುಕಿ ಪೆನ್ಸಿಲ್‌ನಲ್ಲಿ ಬೇರೆ ಕಾಗದದ ಮೇಲೆ ಟಿಕ್ ಹಾಕಿ. ಮೂಲ ಹಾಳೆಯ ಮೇಲೆ ಬರೆಯಬೇಡಿ. ನೀರಲ್ಲಿ ನೆನೆಸಿ ಅಂಟಿಸುವ ಹೆಸರು, ನಂಬರ್‌ಗಳ ಚೀಟಿ ಹಳದಿಯಾಗಿದ್ದರೂ ಇರಲಿ, ಇದೆ ಅನ್ನುವುದೇ ದೊಡ್ಡದು. ಒಳಗಿನ ಪ್ಲಾಸ್ಟಿಕ್ ಚೀಲ ಸೀಲ್ ಆಗಿದ್ದರೆ ತೆರೆಯಲೇಬೇಡಿ, ಹೊರಗಿನಿಂದ ಕಂಡಷ್ಟು ನೋಡಿ.

ಒಂದು ಉದಾಹರಣೆ ಹೇಳಲೇಬೇಕು. ಇಂಗ್ಲೆಂಡಿನ ರೋಸ್‌ಬಡ್ ಅನ್ನುವ ಗೊಂಬೆ ಕಂಪನಿ 1959ರಲ್ಲಿ ಕಿಟ್‌ಮಾಸ್ಟರ್ ಹೆಸರಿನಲ್ಲಿ ಪ್ಲಾಸ್ಟಿಕ್ ರೈಲು ಕಿಟ್ ಶುರು ಮಾಡಿತು. ಮೂರ್ನಾಲ್ಕು ವರ್ಷದಲ್ಲೇ ಅದು ನಿಂತು, ಅಚ್ಚುಗಳನ್ನು ಏರ್‌ಫಿಕ್ಸ್ ಅನ್ನುವ ಕಿಟ್ ಕಂಪನಿ ಕೊಂಡಿತು. ಏರ್‌ಫಿಕ್ಸ್ ಅವುಗಳಲ್ಲಿ ಕೆಲವನ್ನು ತನ್ನ ಡಬ್ಬಿಯಲ್ಲಿ ಹಾಕಿ ಮಾರಿತು. ಮುಂದೆ ಆ ಅಚ್ಚುಗಳು ಡೇಪಾಲ್ ಅನ್ನುವ ಇನ್ನೊಂದು ಕಂಪನಿಯ ಕೈಗೆ ಬಂದವು. ಅಂದರೆ ಒಂದೇ ಅಚ್ಚಿನ ಒಂದೇ ಇಂಜಿನ್ ಮೂರು ಬೇರೆ ಹೆಸರಿನ ಡಬ್ಬಿಯಲ್ಲಿ ಸಿಗುತ್ತದೆ. ಒಳಗಿನ ಪ್ಲಾಸ್ಟಿಕ್ ನೋಡಿ ವ್ಯತ್ಯಾಸ ಹೇಳುವುದು ಕಷ್ಟ, ಡಬ್ಬಿ ಮತ್ತು ಹಾಳೆ ಇದ್ದರೆ ತಕ್ಷಣ ಗೊತ್ತಾಗುತ್ತದೆ. ಕಿಟ್‌ಮಾಸ್ಟರ್ ಡಬ್ಬಿಯಲ್ಲಿ ಮಾತ್ರ ಬಂದು, ಮತ್ತೆ ಅಚ್ಚಾಗದೇ ಹೋದ ಕಿಟ್‌ಗಳಿಗಾಗಿ ಸಂಗ್ರಾಹಕರು ಹುಡುಕುತ್ತಲೇ ಇರುತ್ತಾರೆ. ಡಬ್ಬಿ ಎಸೆಯಬೇಡಿ ಅಂತ ಶುರುವಿನಲ್ಲೇ ಹೇಳಿದ್ದು ಇದಕ್ಕೇ.

ಸ್ಟೇಷನ್, ಸಿಗ್ನಲ್ ಕ್ಯಾಬಿನ್, ಸೇತುವೆಯಂಥ ಸಣ್ಣ ಕಿಟ್‌ಗಳಿಗೆ ಬೆಲೆ ಕಡಿಮೆ. ಏರ್‌ಫಿಕ್ಸ್‌ನ ಹಳಿ ಪಕ್ಕದ ಕಟ್ಟಡಗಳನ್ನು ಡೇಪಾಲ್ ಮುಂದುವರಿಸಿದ್ದರಿಂದ ಅವು ಸುಲಭವಾಗಿ ಸಿಗುತ್ತವೆ. ಅಮೆರಿಕದ ಆಥರ್ನ್ ಕಂಪನಿಯ ನೀಲಿ ಡಬ್ಬಿ ಕಿಟ್‌ಗಳೂ ಅಷ್ಟೇ, ಒಳ್ಳೆಯ ಸಾಮಾನು, ಆದರೆ ಅಪಾರ ಸಂಖ್ಯೆಯಲ್ಲಿ ಬಂದಿದ್ದವು. ಇದಕ್ಕೆ ವಿರುದ್ಧವಾಗಿ ಜಪಾನಿನಲ್ಲಿ ಕೈಯಿಂದ ಮಾಡಿ ಅಮೆರಿಕಕ್ಕೆ ಹೋಗುತ್ತಿದ್ದ ಹಿತ್ತಾಳೆಯ ಇಂಜಿನ್ ಏನಾದರೂ ಸಿಕ್ಕರೆ, ಟೆನ್‌ಶೋಡೊ ಮುಂತಾದ ಹೆಸರು ಡಬ್ಬಿಯ ಮೇಲೆ ಇದ್ದರೆ, ಅದನ್ನು ಬೇರೆಯೇ ಇಟ್ಟು ತಿಳಿದವರಿಗೆ ತೋರಿಸಿ.

ಸಾಮಾನಿಗೆ ಬರುವ ರೋಗ

ಸತುವಿನ ಎರಕಕ್ಕೆ ಒಂದು ರೋಗ ಬರುತ್ತದೆ. ಎರಕ ಹೊಯ್ಯುವಾಗ ಸೀಸದ ಕಲ್ಮಶ ಸೇರಿದ್ದರೆ ದಶಕಗಳ ನಂತರ ಲೋಹ ಉಬ್ಬುತ್ತದೆ, ಕೂದಲೆಳೆಯಂಥ ಬಿರುಕು ಬಿಡುತ್ತದೆ, ಕೊನೆಗೆ ಹಳೆಯ ಬಿಸ್ಕತ್ತಿನಂತೆ ಪುಡಿಯಾಗುತ್ತದೆ. ಯುದ್ಧಕ್ಕೆ ಮೊದಲಿನ ಹಾರ್ನ್‌ಬಿ ಚಕ್ರಗಳಲ್ಲಿ ಇದು ಬಹಳ. ಇದಕ್ಕೆ ಔಷಧಿ ಇಲ್ಲ. ಪಕ್ಕದ ಸಾಮಾನಿಗೆ ಹರಡುವುದೂ ಇಲ್ಲ, ಗಾಬರಿಯಾಗಬೇಡಿ. ಬೆರಳಿನಿಂದ ಒತ್ತಿ ಪರೀಕ್ಷಿಸಬೇಡಿ, ಭೂತಗನ್ನಡಿಯಲ್ಲಿ ನೋಡಿ. ಚಕ್ರ ಬದಲಾಯಿಸಬಹುದು, ಇಂಜಿನ್‌ನ ಮೈಯೇ ಹೋಗಿದ್ದರೆ ಬೆಲೆ ಬಹಳ ಬೀಳುತ್ತದೆ.

ವೈಟ್ ಮೆಟಲ್ ಮೇಲೆ ಬಿಳಿ ಪುಡಿ ಕಂಡರೆ ಜಾಗ್ರತೆ. ಮರದ ಪೆಟ್ಟಿಗೆಯಲ್ಲಿ ಮುಚ್ಚಿಟ್ಟಾಗ ಮರದಿಂದ ಬರುವ ಆಮ್ಲದ ಆವಿಗೆ ಸೀಸ ಹೀಗಾಗುತ್ತದೆ. ಆ ಪುಡಿ ವಿಷ. ಊದಬೇಡಿ, ಮಕ್ಕಳನ್ನು ದೂರ ಇಡಿ, ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ.

ಟ್ರಂಕಿನಲ್ಲಿ ನುಸಿ ಗುಳಿಗೆ ಇದ್ದರೆ ಮೊದಲು ತೆಗೆದುಹಾಕಿ. ಸೀರೆಗಳ ನಡುವೆ ಅದನ್ನು ಇಡುವುದು ರೂಢಿ, ಆದರೆ ನ್ಯಾಫ್ತಲೀನ್ ಆವಿಗೆ ಕಿಟ್‌ಗಳ ಪಾಲಿಸ್ಟೈರೀನ್ ಪ್ಲಾಸ್ಟಿಕ್ ಮೆತ್ತಗಾಗುತ್ತದೆ. 1950ರ ದಶಕದ ಶುರುವಿನ ಟ್ರೈ-ಆಂಗ್ ಇಂಜಿನ್ ಬಾಗಿಕೊಂಡಿದ್ದರೆ ಅದು ಬಿಸಿಲಿಗೆ ಆದದ್ದೇ ಅನ್ನಬೇಡಿ. ಆ ಕಾಲದ ಸೆಲ್ಯುಲೋಸ್ ಅಸಿಟೇಟ್ ಪ್ಲಾಸ್ಟಿಕ್ಕಿನ ಗುಣವೇ ಹಾಗೆ, ಕೆಲವು ಸಲ ವಿನೆಗರ್ ವಾಸನೆ ಕೂಡ ಬರುತ್ತದೆ. ನಮ್ಮ ಏಪ್ರಿಲ್ ಬಿಸಿಲಿಗೆ ಶೀಟ್ ಮನೆಯ ಅಟ್ಟ ಕಾದ ಕಾವಲಿಯಾಗುವುದರಿಂದ ಸಾಮಾನನ್ನು ಕೆಳಗಿನ ಕೋಣೆಯ ಬೀರುವಿಗೆ ತನ್ನಿ. ನೆಲಕ್ಕೆ ತಾಗಿಸಿ ಇಡಬೇಡಿ, ಗೆದ್ದಲಿಗೆ ರಟ್ಟು ಅಂದರೆ ಹಬ್ಬ.

ಓಡಿಸಿ ನೋಡುವ ಆಸೆ

ಹಳೆಯ ಟ್ರಾನ್ಸ್‌ಫಾರ್ಮರ್ ಅನ್ನು ಗೋಡೆಯ ಪ್ಲಗ್‌ಗೆ ಹಾಕಲೇಬೇಡಿ. ಒಳಗಿನ ರಬ್ಬರ್ ವೈರ್ ಪುಡಿಯಾಗಿರುತ್ತದೆ, ನಮ್ಮ ಕರೆಂಟ್ 230 ವೋಲ್ಟ್, ಪ್ರಾಣಕ್ಕೇ ಅಪಾಯ. ಡಬ್ಲೊ, ಟ್ರೈ-ಆಂಗ್‌ನಂಥವು 12 ವೋಲ್ಟ್ ಡಿ.ಸಿ. ಮೋಟರ್. ಅವನ್ನು ಪರೀಕ್ಷಿಸಲು 9 ವೋಲ್ಟ್ ಬ್ಯಾಟರಿ ಸಾಕು. ಎರಡು ವೈರ್ ತೆಗೆದುಕೊಂಡು ಎರಡು ಬದಿಯ ಚಕ್ರಕ್ಕೆ ಒಂದು ಕ್ಷಣ ತಾಗಿಸಿ. ಮೂರು ಹಳಿಯದ್ದಾದರೆ ಒಂದನ್ನು ಚಕ್ರಕ್ಕೆ, ಇನ್ನೊಂದನ್ನು ಹೊಟ್ಟೆಯ ಕೆಳಗಿನ ನಡುವಿನ ತಗಡಿಗೆ. ಮೋಟರ್ ಸ್ವಲ್ಪ ಅಲುಗಿದರೂ ಒಳ್ಳೆಯ ಸುದ್ದಿ. ಅಲುಗದಿದ್ದರೆ ಗ್ರೀಸ್ ಗಟ್ಟಿಯಾಗಿರಬಹುದು, ಬಲವಂತ ಬೇಡ. ಮೇರ್ಕ್ಲಿನ್ (ಝಡ್ ಬಿಟ್ಟು), ಲಯೋನೆಲ್ ಹೆಚ್ಚಾಗಿ ಎ.ಸಿ. ಮೇಲೆ ಓಡುವಂಥವು, ಅವನ್ನು ತಿಳಿದವರಿಗೇ ಬಿಡಿ. ಕೀಲಿ ಕೊಡುವ ಇಂಜಿನ್‌ಗೆ ಒಂದೆರಡು ಸುತ್ತು ಮಾತ್ರ ಕೊಡಿ, ಸ್ಪ್ರಿಂಗ್ ಹಿಡಿಯುತ್ತದಾ ಅಂತ ನೋಡಲು ಅಷ್ಟು ಸಾಕು. ಏನೂ ಮಾಡದೆ "ಓಡಿಸಿ ನೋಡಿಲ್ಲ" ಅಂತ ಬರೆದು ಮಾರಿದರೂ ತಪ್ಪಿಲ್ಲ.

ಈಗ ಬೆಲೆ

ಇಂಟರ್‌ನೆಟ್‌ನಲ್ಲಿ ಯಾರೋ ಹಾಕಿದ ಬೆಲೆ ನೋಡಿ ಕನಸು ಕಟ್ಟಬೇಡಿ. ಕೇಳುವ ಬೆಲೆ ಬೇರೆ, ಮಾರಾಟವಾದ ಬೆಲೆ ಬೇರೆ. ಇಬೇ ಸೈಟಿನಲ್ಲಿ "ಸೋಲ್ಡ್ ಐಟಮ್ಸ್" ಅಂತ ಒಂದು ಆಯ್ಕೆ ಇದೆ, ಅದನ್ನು ಒತ್ತಿದರೆ ಹೆಚ್ಚುಕಡಿಮೆ ಕಳೆದ ಮೂರು ತಿಂಗಳಲ್ಲಿ ನಿಜವಾಗಿ ಮಾರಾಟವಾದವು ಕಾಣುತ್ತವೆ. ಇಂಗ್ಲೆಂಡಿನ ವೆಕ್ಟಿಸ್, ಸ್ಪೆಷಲ್ ಆಕ್ಷನ್ ಸರ್ವಿಸಸ್‌ನಂಥ ಆಟಿಕೆ ಹರಾಜು ಸಂಸ್ಥೆಗಳ ಹಳೆಯ ಫಲಿತಾಂಶಗಳೂ ನೋಡಲು ಸಿಗುತ್ತವೆ. ನಿಮ್ಮಲ್ಲಿರುವ ಅದೇ ನಂಬರ್, ಅದೇ ಬಣ್ಣ, ಅದೇ ಹಳಿ, ಡಬ್ಬಿ ಇರುವುದು ಅಥವಾ ಇಲ್ಲದಿರುವುದು, ಎಲ್ಲ ಹೊಂದುವಂಥ ನಾಲ್ಕೈದು ಮಾರಾಟ ಹುಡುಕಿ. ಅವುಗಳಲ್ಲಿ ತೀರಾ ಜಾಸ್ತಿ, ತೀರಾ ಕಡಿಮೆ ಎರಡನ್ನೂ ಬಿಟ್ಟು ನಡುವಿನದ್ದನ್ನು ಹಿಡಿಯಿರಿ.

ಆಮೇಲೆ ಕಳೆಯುವ ಲೆಕ್ಕ. ಒಂದು ಇಂಜಿನ್ ಅಲ್ಲಿ 100 ಪೌಂಡ್‌ಗೆ ಹರಾಜಾಯಿತು ಅಂದುಕೊಳ್ಳಿ. ಹರಾಜಿನವರ ಕಮಿಷನ್ 20 ಪೌಂಡ್ ಹೋದರೆ 80. ಇಲ್ಲಿಂದ ಕಳಿಸುವ ಖರ್ಚು, ವಿಮೆ, ಅಲ್ಲಿನ ಕಸ್ಟಮ್ಸ್ ಎಲ್ಲ ಸೇರಿ 35 ಅಂದರೆ ಉಳಿಯುವುದು 45. ಬೆಂಗಳೂರಿನ ಸಂಗ್ರಾಹಕರೊಬ್ಬರು ಎದುರು ಕೂತು ನೋಡಿ 55 ಪೌಂಡಿನಷ್ಟು ರೂಪಾಯಿ ಕೊಡುತ್ತೇನೆ ಅಂದರೆ ಅದೇ ವಾಸಿ. ಹರಾಜಿನಲ್ಲಿ ಕೊಂಡವರು ತಮ್ಮ ಪಾಲಿನ ಬೇರೆ ಕಮಿಷನ್ ಸೇರಿಸಿ 120–125 ಕೊಟ್ಟಿರುತ್ತಾರೆ, ಆ ದೊಡ್ಡ ಸಂಖ್ಯೆ ನೋಡಿ ನಿಮ್ಮದಕ್ಕೂ ಅಷ್ಟೇ ಬೇಕು ಅಂತ ಕೂತರೆ ವ್ಯಾಪಾರ ಕುದುರುವುದಿಲ್ಲ.

ಬೆಲೆ ಏರಿಸುವುದು: ಮೂಲ ಡಬ್ಬಿ, ಹಾಳೆಗಳು, ಮೂಲ ಬಣ್ಣ, ಒಂದೂ ಚೂರು ಕಳೆಯದಿರುವುದು. ಇಳಿಸುವುದು: ಮತ್ತೆ ಬಳಿದ ಬಣ್ಣ, ಬೇರೆ ಇಂಜಿನ್‌ನಿಂದ ತೆಗೆದು ಹಾಕಿದ ಚಕ್ರ, ಸೆಲೋಟೇಪ್ ಕಲೆ, ಮುರಿದ ಕೊಂಡಿ. ಡಬ್ಬಿ ತೀರಾ ಹೊಸದಾಗಿ, ಬಣ್ಣ ಢಾಳಾಗಿ ಕಂಡರೆ ಅದು ಈಚೆಗೆ ಮುದ್ರಿಸಿದ ನಕಲು ಡಬ್ಬಿ ಇರಬಹುದು.

ಮನೆಯಲ್ಲಿ ಪಾಲು ಮಾಡುವಾಗ ಅಣ್ಣನಿಗೆ ಇಂಜಿನ್, ತಮ್ಮನಿಗೆ ಬೋಗಿ, ತಂಗಿಯ ಮಗನಿಗೆ ಹಳಿ ಅಂತ ದಯವಿಟ್ಟು ಹಂಚಬೇಡಿ. ಒಂದು ಡಬ್ಬಿಯಲ್ಲಿ ಸೆಟ್ ಆಗಿ ಬಂದದ್ದು ಸೆಟ್ ಆಗಿಯೇ ಇರಲಿ. ಮಾರಿ ಹಣ ಹಂಚಿಕೊಳ್ಳಿ, ಇಲ್ಲವೇ ರೈಲಿನ ಮೇಲೆ ನಿಜವಾಗಿ ಪ್ರೀತಿ ಇರುವ ಒಬ್ಬರಿಗೆ ಪೂರ್ತಿ ಕೊಡಿ. ಮಾರುವ ಆತುರ ಇಲ್ಲದಿದ್ದರೆ ಪುಣೆಯ ಕೋಥ್ರುಡ್‌ನಲ್ಲಿರುವ ಜೋಶಿಯವರ ಮಿನಿಯೇಚರ್ ರೈಲ್ವೆ ಮ್ಯೂಸಿಯಂ ಒಮ್ಮೆ ನೋಡಿ ಬನ್ನಿ. ಮಾಡೆಲ್ ರೈಲು ಓಡುವಾಗ ಹೇಗಿರುತ್ತದೆ ಅಂತ ನೋಡಿದ ಮೇಲೆ ಎಷ್ಟೋ ಮಂದಿಗೆ ಮಾರುವ ಮನಸ್ಸೇ ಹೋಗುತ್ತದೆ.

ಕೊಡುವಾಗ, ಕಳಿಸುವಾಗ

ವಿದೇಶಕ್ಕೆ ಕಳಿಸುವುದಾದರೆ ಒಂದು ಕಾನೂನು ನೆನಪಿರಲಿ. 1972ರ ಪ್ರಾಚೀನ ವಸ್ತುಗಳ ಕಾಯ್ದೆಯ ಲೆಕ್ಕದಲ್ಲಿ 100 ವರ್ಷ ದಾಟಿದ, ಇತಿಹಾಸದ ಮಹತ್ವ ಇರುವ ವಸ್ತುಗಳು ಪ್ರಾಚೀನ ವಸ್ತುಗಳಾಗುತ್ತವೆ, ಅವನ್ನು ಖಾಸಗಿಯವರು ದೇಶದ ಹೊರಗೆ ಕಳಿಸುವಂತಿಲ್ಲ. ಬಿಂಗ್‌ನಂಥ ಹಳೆಯ ತಗಡಿನ ರೈಲು ಆ ಗಡಿಯ ಹತ್ತಿರ ಇದ್ದರೆ, ಪ್ರಾಚೀನ ವಸ್ತು ಅಲ್ಲ ಅನ್ನುವ ಪ್ರಮಾಣಪತ್ರವನ್ನು ಪುರಾತತ್ವ ಸರ್ವೇಕ್ಷಣ ಇಲಾಖೆಯಿಂದ ಮೊದಲೇ ಪಡೆಯಿರಿ.

ಮಾರುವವರು ಫೋಟೊ ಹಾಕುವಾಗ ಬಿರುಕು, ತುಕ್ಕು, ಇಲ್ಲದ ಚೂರು, ಎಲ್ಲವನ್ನೂ ತೋರಿಸಿ. ಇಂಜಿನ್‌ನ ಅಡಿಭಾಗ, ಡಬ್ಬಿಯ ಎರಡೂ ತುದಿ, ಪಕ್ಕದಲ್ಲಿ ಸ್ಕೇಲ್, ಹಗಲು ಬೆಳಕು. ಯಾರಾದರೂ ಬಂದು "ಇದಕ್ಕೆಲ್ಲಾ ಏನು ಸಾರ್, ಒಟ್ಟು ಹಾಕಿ ಇಷ್ಟು ಕೊಡ್ತೀನಿ" ಅಂದರೆ ಅವತ್ತೇ ಹೂಂ ಅನ್ನಬೇಡಿ. ಅಂಥವರು ಟ್ರಂಕಿನಲ್ಲಿರುವ ಒಂದೇ ಒಂದು ಡಬ್ಬಿಗಾಗಿ ಇಡೀ ಟ್ರಂಕ್ ಕೇಳುತ್ತಿರಬಹುದು.

ಪಾರ್ಸಲ್ ಕಟ್ಟುವಾಗ ಬಬಲ್ ಶೀಟ್ ನೇರವಾಗಿ ಬಣ್ಣಕ್ಕೆ ತಾಗಬಾರದು, ನಮ್ಮ ಸೆಕೆಗೆ ಗುಳ್ಳೆಗಳ ಗುರುತು ಬಣ್ಣದ ಮೇಲೆ ಉಳಿದುಬಿಡುತ್ತದೆ. ಮೊದಲು ತೆಳುವಾದ ಟಿಶ್ಯೂ ಕಾಗದ ಸುತ್ತಿ, ಆಮೇಲೆ ಬಬಲ್ ಶೀಟ್. ಮೂಲ ಡಬ್ಬಿಗೆ ಟೇಪ್ ಹಾಕಬೇಡಿ, ರಬ್ಬರ್ ಬ್ಯಾಂಡ್ ಬೇಡ, ಅಗಲದ ಹತ್ತಿ ಲಾಡಿ ಕಟ್ಟಿ. ಆ ಡಬ್ಬಿಯನ್ನು ಇನ್ನೊಂದು ಗಟ್ಟಿ ರಟ್ಟಿನ ಪೆಟ್ಟಿಗೆಯಲ್ಲಿ ಇಟ್ಟು ಸುತ್ತಲೂ ಕಾಗದ ತುಂಬಿ, ಅಲ್ಲಾಡಿಸಿದರೆ ಸದ್ದು ಬರಬಾರದು. ಟ್ರಾನ್ಸ್‌ಫಾರ್ಮರ್ ಮಾತ್ರ ಬೇರೆ ಪೆಟ್ಟಿಗೆಯಲ್ಲೇ ಹೋಗಲಿ, ಅದರ ಭಾರಕ್ಕೆ ಪಕ್ಕದಲ್ಲಿದ್ದ ಬೋಗಿಗಳು ನುಜ್ಜುಗುಜ್ಜಾಗುತ್ತವೆ.